ಕೆಂಪು ಎಣ್ಣೆ, ಹಸಿರು ಎಣ್ಣೆ

ಮಾರ್ಚ್ ೩, ಸೋಮವಾರ

ಸ್ಟೇರಿಂಗ್ ಬಿಗಿಯಾಗಿದೆ. ಹೋದ ವಾರದಿಂದಲೇ ಅನುಮಾನವಿತ್ತು, ಇವತ್ತು ಖಾತ್ರಿಯಾಯಿತು. ಬೆಳಗಿನ ಕ್ಲಾಸು ಮುಗಿಸಿ ಗಾಡಿಯನ್ನು ಮನೆಯ ಪಕ್ಕದ ಸಂದಿಗೆ ತಿರುಗಿಸುವಾಗ ಅರ್ಧ ಸುತ್ತಿಗೇ ನಿಂತುಬಿಟ್ಟಿತು. ಎರಡೂ ಕೈ ಹಾಕಿ ಬಾವಿಯಿಂದ ನೀರು ಸೇದುವ ಹಾಗೆ ಎಳೆದೆ. ಹೀಗೆ ಎಳೆಯುವುದೇ ಆದರೆ ಅದಕ್ಕೆ ಪವರ್ ಸ್ಟೇರಿಂಗ್ ಎಂದು ಹೆಸರೇಕೆ ಇಡಬೇಕಿತ್ತು?

ಈ ಊರಿನ ರಸ್ತೆಯಲ್ಲಿ ಓಡಾಡುವ ಅರ್ಧ ಜನಕ್ಕೆ ಗಾಡಿ ಕಲಿಸಿದವನು ನಾನು. ಇನ್ನರ್ಧ ಜನ ನನ್ನ ಹತ್ತಿರ ಕಲಿತಿಲ್ಲ ಎನ್ನುವುದು ಅವರು ಓಡಿಸುವುದನ್ನು ನೋಡಿದರೇ ತಿಳಿಯುತ್ತದೆ. ಗಾಡಿಗೆ ಏನಾದರೂ ಆದರೆ ಮೆಕ್ಯಾನಿಕ್‌ಗಿಂತ ಮೊದಲು ನನ್ನ ಅಂಗೈಗೆ ಗೊತ್ತಾಗುತ್ತದೆ. ಬಾನೆಟ್ ಎತ್ತಿ ಸ್ಟೇರಿಂಗ್ ಎಣ್ಣೆಯ ಡಬ್ಬಿ ಬಿಚ್ಚಿ ನೋಡಿದೆ. ಎಣ್ಣೆ ಹಳೆಯದಾಗಿ ಕಾಫಿ ಬಣ್ಣಕ್ಕೆ ತಿರುಗಿದೆ. ಕಳ್ಳ ಸಿಕ್ಕಿಬಿದ್ದ.

ಈ ಗಾಡಿ ಹೋದ ವರ್ಷ ಇನ್ನೊಬ್ಬರಿಂದ ಕೊಂಡದ್ದು. ಜೊತೆಗೆ ಬರಬೇಕಾದ ಪುಸ್ತಕ ಬರಲಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಏನೋ ಅಚ್ಚಾಗಿದೆ, ಜಿಡ್ಡು ಮೆತ್ತಿ ಓದಲು ಬರುವುದಿಲ್ಲ. ಓದುವ ಅಗತ್ಯವೂ ಇಲ್ಲ. ಈವರೆಗೆ ನನ್ನ ಕೈಲಿದ್ದ ಗಾಡಿಗಳೆಲ್ಲ ಕೆಂಪು ಎಣ್ಣೆ ಕುಡಿದೇ ಬೆಳೆದವು, ಆಟೋಮ್ಯಾಟಿಕ್ ಗೇರಿಗೆ ಹಾಕುತ್ತಾರಲ್ಲ, ಅದೇ. ಸಾಯಂಕಾಲ ತಂದು, ಹಳೆಯದನ್ನು ಸಿರಿಂಜಿನಿಂದ ಬಂದಷ್ಟು ಹೀರಿ ತೆಗೆದು, ಹೊಸದನ್ನು ಗೆರೆಯವರೆಗೆ ತುಂಬಿಸಿದೆ. ಅಂಗಡಿಯಿಂದ ತಂದ ಡಬ್ಬಿಯ ಬಿರಡೆ ತೆಗೆಯಲು ಮಾತ್ರ ಮನೆಯವಳನ್ನು ಕರೆಯಬೇಕಾಯಿತು. ಈಗಿನ ಕಂಪನಿಗಳು ಎಣ್ಣೆಗಿಂತ ಬಿರಡೆಯನ್ನೇ ಗಟ್ಟಿ ಮಾಡುತ್ತವೆ.

ಮಾರ್ಚ್ ೫, ಬುಧವಾರ

ಹೂವಿನಂತೆ ತಿರುಗುತ್ತಿದೆ. ನಾನು ಹೇಳಲಿಲ್ಲವೇ?

ಮಾರ್ಚ್ ೮, ಶನಿವಾರ

ಇವತ್ತು ಒಂದು ವಿಚಿತ್ರ ನಡೆಯಿತು. ಮದುವೆಯಾದ ದಿನದಿಂದ ನನ್ನ ಪಕ್ಕದ ಸೀಟಿನಲ್ಲಿ ಕೂತು, ಒಂದು ದಿನವೂ ಸ್ಟೇರಿಂಗ್ ಮುಟ್ಟುತ್ತೇನೆಂದು ಕೇಳದ ಮನೆಯವಳು, ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದು ತನಗೂ ಡ್ರೈವಿಂಗ್ ಕಲಿಸಬೇಕೆಂದಳು. ಕಲಿಯುವವರ ಲೈಸೆನ್ಸನ್ನು ಆಗಲೇ ಮಾಡಿಸಿಕೊಂಡು ಬಂದಿದ್ದಾಳೆ, ನನಗೆ ಸುಳಿವೂ ಇಲ್ಲ. ಈ ವಯಸ್ಸಿನಲ್ಲಿ ಏನು ಹುಳ ಹೊಕ್ಕಿತು ಎಂದು ಕೇಳಿದೆ. ಊರಿಗೆಲ್ಲ ಕಲಿಸಿದಿರಿ, ನಾನೊಬ್ಬಳು ಭಾರವೇ ಎಂದಳು. ಉಬ್ಬಿ ಹೋದೆ, ನಿಜ ಹೇಳಬೇಕಲ್ಲ.

ಮೊದಲ ಪಾಠಕ್ಕೆ ಹೋಗುವ ಮುಂಚೆ ಅಂಗಿ ಹಾಕಿಕೊಳ್ಳುತ್ತೇನೆ, ಗುಂಡಿಗಳ ಜಾಗದಲ್ಲಿ ಟಿಚ್ ಬಟನ್! ಬೀರುವಿನಲ್ಲಿದ್ದ ಅಷ್ಟೂ ಅಂಗಿಗಳಿಗೆ ಹಾಗೇ ಮಾಡಿಟ್ಟಿದ್ದಾಳೆ. ಕಾಜ ಹರಿದಿದ್ದವಂತೆ. ಎಲ್ಲ ಅಂಗಿಗಳ ಕಾಜವೂ ಒಟ್ಟಿಗೇ ಹರಿಯುತ್ತದೆಯೇ ಎಂದು ಕೇಳಲು ಹೋದೆ, ಅಷ್ಟರಲ್ಲಿ ಅವಳು ಗಾಡಿಯಲ್ಲಿ ಕೂತು ಸೀಟು ಮುಂದಕ್ಕೆಳೆದುಕೊಂಡಿದ್ದಳು. ಇರಲಿ, ಒತ್ತಿದರೆ ಮುಗಿಯಿತು, ಬೇಗ ಆಗುತ್ತದೆ.

ಯಂತ್ರ ತುಳಿದು ತುಳಿದು ಅವಳ ಕಾಲಿಗೆ ಒಳ್ಳೆಯ ಹದವಿದೆ. ಕ್ಲಚ್ಚನ್ನು ಮೊದಲ ದಿನವೇ ಇಷ್ಟು ಮೆತ್ತಗೆ ಬಿಟ್ಟವರು ನನ್ನ ಶಾಲೆಯಲ್ಲಿ ಕಡಿಮೆ. ಮುಖದ ಮೇಲೆ ಹೇಳಲಿಲ್ಲ, ತಲೆಗೇರುತ್ತದೆ.

ಮಾರ್ಚ್ ೧೧, ಮಂಗಳವಾರ

ಪಂಪಿನ ಕಡೆಯಿಂದ ಗುಂಯ್ ಎನ್ನುವ ಸದ್ದು. ತಿರುವಿನಲ್ಲಿ ಹೆಚ್ಚುತ್ತದೆ. ಸ್ಟೇರಿಂಗ್ ಮತ್ತೆ ಬಿಗಿ.

ಬೆಳಗಿನ ಕ್ಲಾಸಿಗೆ ಬರುವ ಬೇಕರಿಯವನಿಗೆ, ಬಿಗಿ ಅನಿಸುತ್ತಿದೆಯಾ ಎಂದು ಕೇಳಿದೆ. ಇಲ್ಲವಲ್ಲ ಮಾಸ್ತ್ರೇ ಎಂದ. ಇಡೀ ದಿನ ಹಿಟ್ಟು ನಾದುವ ಕೈ, ಅದಕ್ಕೆಲ್ಲಿ ತಿಳಿದೀತು? ಅವನೇ ಇವತ್ತು ಕಂಬಗಳ ನಡುವೆ ಹಿಂದಕ್ಕೆ ಬರಲಾಗದೆ, ಕನ್ನಡಿ ಓರೆಯಿದೆ ಎಂದು ರಾಗ ತೆಗೆದ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಚೆನ್ನಾಗಿ ಉಗಿದೆ.

ಮಾರ್ಚ್ ೧೬, ಭಾನುವಾರ

ಸದ್ದು ಜೋರಾಗಿದೆ. ಡಬ್ಬಿಯೊಳಗೆ ಎಣ್ಣೆ ನೊರೆ ಬಂದಿದೆ. ಕೆಳಗೆ ಪೈಪಿನ ಜೋಡಣೆಯಲ್ಲಿ ಕೆಂಪು ಹನಿ.

ಬಾನೆಟ್ ಮುಂದೆ ತಲೆ ಕೆರೆದುಕೊಂಡು ನಿಂತಿದ್ದೆ. ಮನೆಯವಳು ಬಂದು ಮುಚ್ಚಳದ ಮೇಲೆ ಏನು ಬರೆದಿದೆ ಎಂದು ಕೇಳಿದಳು. ಓದಲು ಬರುವುದಿಲ್ಲ ಎಂದೆ. ಅವಳು ಒಳಗೆ ಹೋಗಿ, ಬಟ್ಟೆಗೆ ಗುರುತು ಹಾಕುವ ಚಾಕ್ ತಂದಳು. ಮುಚ್ಚಳವನ್ನು ಸೋಪಿನಲ್ಲಿ ತೊಳೆದು, ಒರೆಸಿ, ಚಾಕನ್ನು ಅಡ್ಡ ಹಿಡಿದು ಮೇಲೆಲ್ಲ ಉಜ್ಜಿದಳು. ಉಬ್ಬಿದ ಅಕ್ಷರಗಳಿಗೆ ಬಿಳಿ ಹತ್ತಿ ಎದ್ದು ಕಂಡವು. ಗೇರ್ ಎಣ್ಣೆ ಹಾಕಬೇಡಿ, ಸಿಂಥೆಟಿಕ್ ಹೈಡ್ರಾಲಿಕ್ ಎಣ್ಣೆ ಮಾತ್ರ, ಮುಂದೆ ಒಂದು ನಂಬರು. ಅಂದರೆ ಹಸಿರು ಎಣ್ಣೆ. ನಾನು ಹಾಕಿದ್ದು ಕೆಂಪು.

ಮನೆಯವಳು, "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಕಲಗಚ್ಚಿಗೆ ಬಿತ್ತಂತೆ" ಎಂದಳು. ಅವಳಿಗೇ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ.

ತಪ್ಪು ತಪ್ಪೇ. ಆದರೆ ಒಂದು ಲಾಭ: ಕಾರಣ ಸಿಕ್ಕಿತು. ಬಿಗಿ ಯಾಕೆ ಎನ್ನುವುದಕ್ಕೆ ಇನ್ನು ಉತ್ತರ ಹುಡುಕಬೇಕಿಲ್ಲ. ಬರೆಯಲು ಇನ್ನೂ ಇದೆ, ಈ ಪೆನ್ನು ಸರಿಯಿಲ್ಲ, ಬೆರಳಿನಿಂದ ಜಾರುತ್ತದೆ. ದಪ್ಪದ್ದೊಂದು ತರಬೇಕು.

ಮಾರ್ಚ್ ೨೦, ಗುರುವಾರ

ಇಡೀ ದಿನ ಸ್ಪ್ಯಾನರ್‌ನ ಗ್ಯಾರೇಜಿನಲ್ಲಿ. ಸ್ಪ್ಯಾನರ್ ಎಂದರೆ ನನ್ನ ಹಳೆಯ ಗೆಳೆಯ. ಅವನ ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತಿರಬೇಕು. ಕೆಂಪು ಎಣ್ಣೆ ನೋಡಿ, ಎದೆ ಬಡಿದುಕೊಂಡು, ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಕೇಳುವ ಹಾಗೆ ಬೈದ. ಬೈಯಲಿ. ಅವನಿಗೆ ವರ್ಷಕ್ಕೊಮ್ಮೆ ಇಂಥ ಅವಕಾಶ ಸಿಗುತ್ತದೆ.

ಎಣ್ಣೆ ಬದಲಿಸುವುದೆಂದರೆ ನಾನು ಮಾಡಿದ ಹಾಗೆ ಮೇಲಿಂದ ಹೀರಿ ಸುರಿಯುವುದಲ್ಲ. ಮುಂದಿನ ಚಕ್ರಗಳನ್ನು ಜಾಕ್ ಮೇಲೆ ಎತ್ತಿದೆವು. ವಾಪಸು ಬರುವ ಪೈಪನ್ನು ಬಿಚ್ಚಿ ಬಾಟಲಿಗೆ ಬಿಟ್ಟೆವು. ಒಬ್ಬರು ಮೇಲೆ ಹೊಸ ಹಸಿರು ಎಣ್ಣೆ ಸುರಿಯುತ್ತಿರಬೇಕು, ಒಬ್ಬರು ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತಿರಬೇಕು. ಬಾಟಲಿಗೆ ಕೆಂಪು ಬೀಳುವುದು ನಿಂತು ಬರೀ ಹಸಿರು ಬರುವ ತನಕ. ಆಮೇಲೆ ಪೈಪು ಸೇರಿಸಿ, ಡಬ್ಬಿಯಲ್ಲಿ ಗುಳ್ಳೆ ಏಳುವುದು ನಿಲ್ಲುವ ತನಕ ಮತ್ತೆ ತಿರುಗಿಸಬೇಕು. ಗಾಳಿ ಉಳಿದರೆ ಎಷ್ಟು ಒಳ್ಳೆಯ ಎಣ್ಣೆ ಹಾಕಿದರೂ ಪಂಪು ಕೂಗುತ್ತದೆ. ಹನಿಯುತ್ತಿದ್ದ ಕಡೆ ಸೀಲ್ ಬದಲಾಯಿಸಿದೆವು, ಬೆಲ್ಟನ್ನೂ ನೋಡಿದೆವು.

ತಿರುಗಿಸುವ ಕೆಲಸ ನನ್ನದು. ಸ್ವಲ್ಪ ಹೊತ್ತಿಗೇ ಸ್ಪ್ಯಾನರ್ ನನ್ನನ್ನು ಇಳಿಸಿ, ಜೊತೆಗೆ ಬಂದಿದ್ದ ಮನೆಯವಳನ್ನು ಕೂರಿಸಿದ. ಎಣ್ಣೆ ಸುರಿಯುವುದಕ್ಕೆ ಅನುಭವಸ್ಥರು ಬೇಕು ಎಂದ. ಸರಿಯಾಗಿಯೇ ಹೇಳಿದ.

ಸದ್ದು ಪೂರ್ತಿ ನಿಂತಿದೆ. ಇಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಬೇಕು. ಸರಿಯಾದ ಎಣ್ಣೆ ಎಂದರೆ ಇದು! ಮನೆಗೆ ಬರುವಾಗ ಮನೆಯವಳೇ ಓಡಿಸಿದಳು, ಅಭ್ಯಾಸವಾಗಲಿ ಎಂದು.

ಮಾರ್ಚ್ ೨೪, ಸೋಮವಾರ

ಟೈರಿನ ಗಾಳಿ ನೋಡಿಸಿದೆ. ಸರಿಯಿದೆ. ಚಕ್ರಗಳ ಅಲೈನ್‌ಮೆಂಟ್ ನೋಡಿಸಿದೆ. ಸರಿಯಿದೆ.

ಸ್ಟೇರಿಂಗ್ ಬಿಗಿ.

ಮನೆಯವಳು ಯಾವುದೋ ಡಾಕ್ಟರ ಹತ್ತಿರ ಗುರುವಾರಕ್ಕೆ ಹೆಸರು ಬರೆಸಿದ್ದಾಳಂತೆ. ಹೋದ ತಿಂಗಳೂ ಬರೆಸಿದ್ದಳಂತೆ, ಆಗ ನಾನು ಕ್ಲಾಸಿದೆ ಎಂದು ಹೋಗಲಿಲ್ಲವಂತೆ. ನನಗೇನಾಗಿದೆ ಎಂದು ಕೇಳಿದೆ. ಚಹದ ಲೋಟ ಎರಡು ಸಲ ಕೈಜಾರಿ ಬಿತ್ತಲ್ಲ ಎಂದಳು. ಲೋಟ ಬೀಳದ ಮನೆ ಯಾವುದು? ಗುರುವಾರ ಬೇಕರಿಯವನ ಕ್ಲಾಸಿದೆ, ಪೇಟೆ ಬೀದಿಯಲ್ಲಿ ಮೊದಲ ಸಲ. ಅದನ್ನು ಬಿಟ್ಟು ಹೋಗಲು ಆಗುವುದಿಲ್ಲ ಎಂದೆ.

ಮಾರ್ಚ್ ೨೭, ಗುರುವಾರ

ಹೆದರಿಕೆಯಾಗಿದೆ. ಬರೆದೇಬಿಡುತ್ತೇನೆ, ಓದುವವನು ನಾನೊಬ್ಬನೇ ತಾನೆ.

ಪೇಟೆ ಬೀದಿಯಲ್ಲಿ ಬೇಕರಿಯವನು ಓಡಿಸುತ್ತಿದ್ದ. ಪಕ್ಕದ ಗಲ್ಲಿಯಿಂದ ಒಬ್ಬ ಹೆಂಗಸು ಸೈಕಲ್ಲಿನಲ್ಲಿ ಸರಕ್ಕನೆ ಮುಂದೆ ಬಂದಳು. ಇಂಥದ್ದು ನನಗೆ ಹೊಸದಲ್ಲ. ಕಲಿಯುವವರು ಗಾಬರಿಯಾದಾಗ ನನ್ನ ಬಲಗೈ ತಾನಾಗಿ ಹೋಗಿ ಸ್ಟೇರಿಂಗ್ ಹಿಡಿದು ತಿರುಗಿಸುತ್ತದೆ. ಅವರಿಗೆ ಏನಾಯಿತೆಂದು ತಿಳಿಯುವ ಮೊದಲೇ ಎಲ್ಲ ಮುಗಿದಿರುತ್ತದೆ. ಇವತ್ತೂ ಕೈ ಹೋಯಿತು. ಹಿಡಿದೆ. ಹಿಡಿದೆ ಎಂದುಕೊಂಡೆ. ಬೆರಳು ಸ್ಟೇರಿಂಗಿನ ಮೇಲಿಂದ ಹಾಗೇ ಜಾರಿ ಕೆಳಗೆ ಬಿತ್ತು. ನನ್ನ ಕಡೆಯ ಬ್ರೇಕ್ ತುಳಿದದ್ದರಿಂದ ಗಾಡಿ ನಿಂತಿತು. ಬಂಪರಿಗೂ ಸೈಕಲ್ಲಿಗೂ ನಡುವೆ ಒಂದು ಗೇಣು.

ಆ ಹೆಂಗಸು ಬೈಯಲಿಲ್ಲ. ಬೇಕರಿಯವನ ಮುಖ ನೋಡಿ ಅವಳಿಗೇ ಪಾಪ ಅನಿಸಿರಬೇಕು. ಏನೂ ಆಗಿಲ್ಲ ಬಿಡಿ ಎಂದು ಸಮಾಧಾನ ಹೇಳಿ ಹೋದಳು.

ಬೇಕರಿಯವನ ಕೈಯ ಬೆಣ್ಣೆ ಜಿಡ್ಡು ಸ್ಟೇರಿಂಗಿಗೆ ಹತ್ತಿರಬೇಕು. ಬರುವಾಗ ಜಾರದ ಹಾಗಿನ ಹೊಸ ಕವರ್ ತಂದೆ. ಹಾಕಲು ಆಗಲಿಲ್ಲ, ಬಹಳ ಬಿಗಿ. ಮನೆಯವಳು ಹಾಕಿದಳು.

ಮಾರ್ಚ್ ೨೮, ಶುಕ್ರವಾರ

ಇವತ್ತಿನ ಕ್ಲಾಸುಗಳನ್ನು ಬೇಡ ಎಂದೆ. ಗಾಡಿ ಸರಿಯಿಲ್ಲ ಎಂದು ಎಲ್ಲರಿಗೂ ಹೇಳಿದೆ.

ಏಪ್ರಿಲ್ ೧, ಮಂಗಳವಾರ

ನಾನೇ ಸ್ಪ್ಯಾನರ್‌ಗೆ ಹೇಳಿದೆ: ಬಾಯಿಮಾತು ಸಾಕು, ಅಳತೆ ಹಾಕೋಣ. ಬಿಗಿ, ಬಿಗಿಯಲ್ಲ ಎಂದು ಅವರವರ ಕೈ ಹೇಳಿದ್ದನ್ನು ಕಟ್ಟಿಕೊಂಡು ಎಷ್ಟು ದಿನ ಜಗಳವಾಡುವುದು? ಸ್ಟೇರಿಂಗಿನ ಅಂಚಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದರೆ, ತಿರುಗಲು ಎಷ್ಟು ಬಲ ಬೇಕೆಂದು ಮುಳ್ಳು ತೋರಿಸುತ್ತದೆ. ಹಳೆಯ ಪದ್ಧತಿ. ಈಗಿನವರಿಗೆ ಇದು ಗೊತ್ತೂ ಇಲ್ಲ.

ಪಕ್ಕದ ಗುಜರಿ ಅಂಗಡಿಯಿಂದ ಸ್ಪ್ಯಾನರ್ ತಕ್ಕಡಿ ತಂದ. ಮನೆಯವಳೇ ಗಾಡಿ ಓಡಿಸಿಕೊಂಡು ಬಂದಿದ್ದಳು, ಅಲ್ಲೇ ನಿಂತಿದ್ದಳು. ಇಂಜಿನ್ ಚಾಲೂ ಮಾಡಿ, ಕೊಕ್ಕೆ ಸಿಕ್ಕಿಸಿ, ಸ್ಪ್ಯಾನರ್ ಎಳೆದ. ಮುಳ್ಳು ಅಲ್ಲಾಡಿತೋ ಇಲ್ಲವೋ ಎನ್ನುವಷ್ಟು ಸರಿಯಿತು, ಸ್ಟೇರಿಂಗ್ ಮೆತ್ತಗೆ ತಿರುಗಿತು. ನಾನು ನಂಬಲಿಲ್ಲ. ಇನ್ನೊಂದು ಕಡೆಗೆ ಎಳೆಸಿದೆ. ಅಷ್ಟೇ. ಅವನ ಹತ್ತಿರ ರಿಪೇರಿಗೆ ಬಂದಿದ್ದ ಬೇರೆ ಗಾಡಿಗೆ ಸಿಕ್ಕಿಸಿ ನೋಡಿದೆವು. ನನ್ನ ಗಾಡಿಯೇ ಹಗುರ.

ಸ್ಪ್ಯಾನರ್ ತಕ್ಕಡಿಯನ್ನು ಗ್ಯಾರೇಜಿನ ಕಿಟಕಿಯ ಸರಳಿಗೆ ನೇತುಹಾಕಿದ.

"ಗಾಡಿ ಆಯ್ತು ಮಾಸ್ತ್ರೇ. ಈಗ ನೀವೊಂದ್ಸಲ ಎಳೀರಿ. ಮೊದಲು ಎಡಗೈ."

ಎಡಗೈಯಲ್ಲಿ ಎಳೆದೆ. ಮುಳ್ಳು ಸರ್ರನೆ ಕೆಳಗಿಳಿಯಿತು. ಹೆಮ್ಮೆಯಿಂದಲೇ ಅವನ ಮುಖ ನೋಡಿದೆ. ಬಲಗೈಯಲ್ಲಿ ಹಿಡಿದೆ. ಮುಳ್ಳು ಸ್ವಲ್ಪ ಅಲ್ಲಾಡಿತು, ಬೆರಳು ಬಿಚ್ಚಿಕೊಂಡವು. ಇನ್ನೊಮ್ಮೆ ಹಿಡಿದೆ. ಮತ್ತೆ ಬಿಚ್ಚಿಕೊಂಡವು.

ಗೆರೆ ಗೆರೆಯಾಗಿ ಅಂಕಿ ಬರೆದ ತಕ್ಕಡಿ. ಅದರ ಜೊತೆ ಏನೆಂದು ವಾದ ಮಾಡಲಿ?

ಹುತ್ತ ಬಡಿದರೆ ಹಾವು ಸಾಯುತ್ತದೆಯೇ ಎಂದು ಸ್ಪ್ಯಾನರ್ ಗೊಣಗಿ, ಚಹಕ್ಕೆ ಹೇಳಿ ಬರುತ್ತೇನೆಂದು ಹೊರಗೆ ಹೋದ. ಅವನ ಕಣ್ಣು ತುಂಬಿತ್ತು, ನನಗೆ ಕಾಣಿಸಿತು. ಮನೆಯವಳು ಬಂದು ನನ್ನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು. ಹೆಬ್ಬೆರಳಿನ ಬುಡದಲ್ಲಿ ಮಾಂಸ ಇಳಿದು ಗುಳಿ ಬಿದ್ದಿದೆ. ಅವಳು ಅದರ ಮೇಲೆ ಬೆರಳಿಟ್ಟು ತೋರಿಸಿದ ಮೇಲೆ ಕಂಡಿತು ನನಗೆ. ಗೊತ್ತಿದ್ದೂ ಇಷ್ಟು ದಿನ ಯಾಕೆ ಬಾಯಿಬಿಟ್ಟು ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ದೆ. ನೀವು ಎಣ್ಣೆ ತರೋಕೆ ಹೋದ್ರಿ" ಎಂದಳು. ಕೈ ಬಿಡದೆ, "ನೀವು ಒಪ್ಪೋ ದಿನ ಬಂದೇ ಬರುತ್ತೆ ಅಂತ ಗೊತ್ತಿತ್ತು ರೀ. ಅವತ್ತು ಗಾಡಿ ಓಡಿಸೋಕೆ ಒಬ್ಬರು ಬೇಕಲ್ಲ, ಅದಕ್ಕೇ ಕಲಿತೆ" ಎಂದಳು.

ಏಪ್ರಿಲ್ ೨, ಬುಧವಾರ

ಏನೂ ಬರೆಯಲು ಮನಸ್ಸಿಲ್ಲ.

ಏಪ್ರಿಲ್ ೯, ಬುಧವಾರ

ಡಾಕ್ಟರು ನನಗೆ ಮಗಳಾಗುವ ವಯಸ್ಸಿನವರು. ಗಟ್ಟಿಗರು. ಸಣ್ಣ ಸುತ್ತಿಗೆಯಲ್ಲಿ ಮೊಣಕೈಗೆ ತಟ್ಟಿದರು, ಬೆರಳು ಅಗಲಿಸಿ ಎಂದರು, ಒಂದು ಕಾಗದವನ್ನು ಬೆರಳುಗಳ ನಡುವೆ ಹಿಡಿಸಿ ಎಳೆದುಕೊಂಡರು. ಅವರು ಒಂದೊಂದೇ ಅನುಮಾನ ಹಿಡಿದು, ಪರೀಕ್ಷಿಸಿ, ಬದಿಗಿಟ್ಟು ಮುಂದೆ ಹೋದ ರೀತಿ ನನಗೆ ಬಹಳ ಮೆಚ್ಚಿಕೆಯಾಯಿತು. ಆಮೇಲೆ ಸ್ಕ್ಯಾನ್ ಆಯಿತು. ಕತ್ತಿನಲ್ಲಿ ಮೂಳೆಗಳ ನಡುವೆ ಕೈಗೆ ಹೋಗುವ ನರ ಸಿಕ್ಕಿಕೊಂಡಿದೆ. ನನಗೆ ತಕ್ಷಣ ಅರ್ಥವಾಯಿತು. ಪಂಪು ಸರಿಯಿದೆ, ಎಣ್ಣೆ ಸರಿಯಿದೆ, ನಡುವಿನ ಪೈಪು ಅಮುಕಿಕೊಂಡಿದೆ. ಹಾಗೆ ಹೇಳಿದಾಗ ಡಾಕ್ಟರು ನಕ್ಕು, ಹೌದು ಎಂದರು.

ಆಪರೇಷನ್ ಮಾಡಲೇಬೇಕು. ಇನ್ನೂ ಬಿಟ್ಟರೆ ಇರುವ ಬಲವೂ ಹೋಗುತ್ತದೆ. ಹೋದ ಬಲ ಪೂರ್ತಿ ಬರುತ್ತದೆಯೇ ಎಂದು ಕೇಳಿದೆ. ಬರಬಹುದು, ಬರದೆಯೂ ಇರಬಹುದು, ಮಾತು ಕೊಡುವುದಿಲ್ಲ ಎಂದರು. ಹೋದ ತಿಂಗಳೇ ಬಂದಿದ್ದರೆ? ಅದನ್ನು ಈಗ ಕೇಳಬೇಡಿ ಎಂದರು. ಮನೆಯವಳು ಆ ಕ್ಷಣ ಗೋಡೆಯ ಕಡೆ ನೋಡುತ್ತಿದ್ದಳು. ನನ್ನನ್ನು ನೋಡದೇ ಇದ್ದದ್ದಕ್ಕೆ ಅವಳಿಗೆ ಋಣಿ.

ಸಂಜೆ ಕಲಿಯುವವರ ಮನೆಗೆಲ್ಲ ಹೋಗಿ ನಾನೇ ಹೇಳಿ ಬಂದೆ: ಗಾಡಿ ಸರಿಯಿದೆ, ನನ್ನ ಕೈ ಸರಿಯಿಲ್ಲ, ಅದು ಸರಿಹೋಗುವ ತನಕ ಕಲಿಸುವುದಿಲ್ಲ. ಮೊದಲನೆಯ ಮನೆಯಲ್ಲಿ ನಾಲಿಗೆ ತಡವರಿಸಿತು. ಕೊನೆಕೊನೆಗೆ ಸಲೀಸಾಯಿತು. ಬೇಕರಿಯವನು, ಬೇರೆ ಶಾಲೆಗೆ ಹೋಗುವುದಿಲ್ಲ, ಎಷ್ಟು ತಿಂಗಳಾದರೂ ಕಾಯುತ್ತೇನೆ ಎಂದ. ಅವನು ಬೇರೆ ಶಾಲೆಗೆ ಹೋದರೂ ಅಲ್ಲಿಯವರು ಇಟ್ಟುಕೊಳ್ಳುತ್ತಾರೆಂದು ನನಗೆ ಭರವಸೆಯಿಲ್ಲ. ಒಳ್ಳೆಯ ಮನುಷ್ಯ.

ಏಪ್ರಿಲ್ ೧೨, ಶನಿವಾರ

ಮನೆಯವಳು ಪಾಸು! ಪರೀಕ್ಷೆ ತೆಗೆದುಕೊಂಡ ಅಧಿಕಾರಿ ಯಾರ ಹತ್ತಿರ ಕಲಿತಿರಿ ಎಂದು ಕೇಳಿದರಂತೆ. ಹೊಲಿಗೆ ಯಂತ್ರದ ಹತ್ತಿರ ಎಂದಳಂತೆ. ಎಲಾ ಇವಳ.

ಏಪ್ರಿಲ್ ೧೫, ಮಂಗಳವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಹೊಸಬರ ಗಾಡಿಯ ಹಾಗೆ ಗೆರೆ ಬಿಟ್ಟು ಹೋಗುತ್ತಿವೆ. ಹೋಗಲಿ, ಮೆಲ್ಲಗೆ ದಾರಿಗೆ ಬರುತ್ತವೆ.

ಆಸ್ಪತ್ರೆಯ ಹಾಸಿಗೆ ಚೆನ್ನಾಗಿದೆ. ಕಿಟಕಿಯಿಂದ ಕೆಳಗೆ ಗಾಡಿ ನಿಲ್ಲಿಸುವ ಜಾಗ ಕಾಣುತ್ತದೆ. ಒಬ್ಬರಿಗೂ ನೆಟ್ಟಗೆ ನಿಲ್ಲಿಸಲು ಬರುವುದಿಲ್ಲ. ಇಲ್ಲೊಂದು ಶಾಲೆ ತೆರೆದರೆ ಒಳ್ಳೆಯ ವ್ಯಾಪಾರ.

ಇವತ್ತು ಬರುವಾಗ ಮನೆಯವಳು ಓಡಿಸಿದಳು. ನಾನು ಪಕ್ಕದಲ್ಲಿ. ಊರಿನ ಕೊನೆಯ ದೊಡ್ಡ ತಿರುವಿನವರೆಗೆ ನೆನಪಿದೆ. ಅಲ್ಲಿ ಅವಳು ವೇಗ ತಗ್ಗಿಸಿ, ಗೇರ್ ಇಳಿಸಿ, ಎದುರಿನ ಲಾರಿಗೆ ದಾರಿ ಬಿಟ್ಟಳು. ಆಮೇಲೆ ನಿದ್ದೆ ಬಂದುಬಿಟ್ಟಿತು. ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ನಾನು ಎಂದೂ ಕಣ್ಣು ಮುಚ್ಚಿದವನಲ್ಲ. ಬಸ್ಸಿನಲ್ಲೂ ಡ್ರೈವರನ ಹಿಂದೆ ಕೂತು ಗೇರ್ ಎಣಿಸುವವನು.

ರೀ, ಬಂತು ಎಂದು ಅವಳು ಭುಜ ತಟ್ಟಿದಾಗ ಎಚ್ಚರ. ಇಳಿದು ನೋಡುತ್ತೇನೆ, ಗಾಡಿ ಎರಡು ದೊಡ್ಡ ವ್ಯಾನುಗಳ ನಡುವಿನ ಕಿಷ್ಕಿಂಧೆಯಂಥ ಜಾಗದಲ್ಲಿ ಹಿಂದುಮುಂದಾಗಿ ನಿಂತಿದೆ, ಎರಡೂ ಕಡೆ ಸಮ, ಚಕ್ರಗಳು ನೇರ. ನನ್ನ ವಿದ್ಯಾರ್ಥಿಗಳಲ್ಲಿ ಅಲ್ಲಿಗೆ ನುಗ್ಗಿಸುವವರು ಇಬ್ಬರು ಮೂವರು ಸಿಕ್ಕಾರು. ಇವಳು ಅದನ್ನು ಮಾಡುವಾಗ ನಾನು ನೋಡಲೇ ಇಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಹಿಂದಕ್ಕೆ ಬರುವಾಗ ಯಾವ ಕನ್ನಡಿ ನೋಡಿಕೊಂಡೆ ಎಂದು ಕೇಳಿದೆ.

"ಕನ್ನಡಿ ನೆನಪಿಲ್ಲ ರೀ. ನಿಮಗೆ ಎಚ್ಚರ ಆಗಬಾರದು ಅಂತ ನಿಮ್ಮನ್ನೇ ನೋಡ್ಕೊಂಡು ನಿಲ್ಲಿಸ್ದೆ" ಎಂದಳು.

ಕನ್ನಡಿ ನೋಡದೆ ಹಿಂದಕ್ಕೆ ಬರುವುದು ದೊಡ್ಡ ತಪ್ಪು, ಪರೀಕ್ಷೆಯಲ್ಲಾದರೆ ಫೇಲು. ಹೇಳಬೇಕೆಂದು ಬಾಯಿ ತೆರೆದೆ, ಹೇಳಲಿಲ್ಲ.

ನಾಳೆ ಬೆಳಿಗ್ಗೆ ಆಪರೇಷನ್ನಿಗೆ ಮೊದಲ ಸರದಿ ನನ್ನದು. ಈಗ ಅವಳು ಕುರ್ಚಿಯಲ್ಲಿ ಕೂತು ಇಲ್ಲಿಯ ನರ್ಸಿನ ಹರಿದ ಜೇಬು ಹೊಲಿಯುತ್ತಿದ್ದಾಳೆ. ಮನೆಗೆ ಹೋಗುವಾಗ ಎಚ್ಚರವಿದ್ದು ಅವಳು ಓಡಿಸುವುದನ್ನು ಪೂರ್ತಿ ನೋಡಬೇಕು ಎಂದುಕೊಂಡಿದ್ದೇನೆ. ನಿದ್ದೆ ಬಂದರೆ ಬರಲಿ.